ಉಪ್ಪಿಲ್ಲದ ಡಬ್ಬಿ, ಬಸಿದ ಕಾಳು

ಮಾರ್ಚ್ 4, ಸೋಮವಾರ

ಎರಡನೇ ನೀರು ಚೆಲ್ಲಿ ಬಂದು ಕೂತೆ. ಮೂರನೇ ನೀರು ಕುದಿಯಲು ಇನ್ನೂ ಹೊತ್ತಿದೆ. ಕಡಲೆಕಾಳು. ನೆನೆಸಿದ ನೀರು ಚೆಲ್ಲಬೇಕು. ಹೊಸ ನೀರಲ್ಲಿ ಕುದಿಸಿ ಅದನ್ನೂ ಚೆಲ್ಲಬೇಕು. ಮತ್ತೆ ನೀರು ಹಾಕಿ ಮೆತ್ತಗಾಗುವ ತನಕ ಬೇಯಿಸಿ ಬಸಿಯಬೇಕು. ಅಷ್ಟೊತ್ತಿಗೆ ಕಾಳಿನ ಪೊಟ್ಯಾಸಿಯಂ ಅರ್ಧಕ್ಕರ್ಧ ಮೋರಿ ಸೇರಿರುತ್ತದೆ. ರುಚಿಯೂ ಅದರ ಹಿಂದೆಯೇ ಹೋಗಿರುತ್ತದೆ. ಉಳಿಯುವುದು ಪ್ರೋಟೀನು. ಇವರಿಗೆ ಬೇಕಿರುವುದು ಅದು.

ಎರಡು ವರ್ಷವಾಯಿತು ಇವರ ಕಿಡ್ನಿ ಕೈಕೊಟ್ಟು. ಮಂಗಳ, ಗುರು, ಶನಿ — ಡಯಾಲಿಸಿಸ್. ನಡುವಿನ ದಿನಗಳಲ್ಲಿ ಪೊಟ್ಯಾಸಿಯಂ ಮೈಯಿಂದ ಹೊರಹೋಗಲು ದಾರಿಯೇ ಇಲ್ಲ. ಹೆಚ್ಚಾದರೆ ಎದೆಬಡಿತ ನಿಂತೇಹೋಗಬಹುದು. ಹಾಗಂತ ಪ್ರೋಟೀನು ಬಿಟ್ಟರೆ ಮೈ ಕರಗುತ್ತದೆ. ಮೊಟ್ಟೆ, ಮಾಂಸ ಇವರು ಮುಟ್ಟುವವರಲ್ಲ. ಹಾಲು ಡಾಕ್ಟರೇ ಬೇಡ ಅಂದಿದ್ದಾರೆ. ಉಳಿದದ್ದು ಕಾಳು. ಅದಕ್ಕೇ ದಿನಾ ಈ ನೀರಾಟ.

ಲ್ಯಾಬಿನಲ್ಲಿ ಹೊಸ ತಲೆನೋವು. ಹಾಸ್ಟೆಲ್ ಅಡುಗೆಮನೆಗಳಿಗೆ ಕರಪತ್ರ ಮಾಡಬೇಕಂತೆ. ‘ಡಬ್ಬಿ ಟೊಮೇಟೊ, ಬೇಯಿಸಿದ ಕಾಳು — ಯಾವುದು ಮೇಲು?’ ಇಪ್ಪತ್ತಾರು ವರ್ಷ ಆಹಾರ ಪರೀಕ್ಷೆ ಮಾಡಿದ್ದೇನೆ. ಇಂಥ ಪ್ರಶ್ನೆ ಕೇಳಿರಲಿಲ್ಲ.

“ಸಾರ್, ಕಣ್ಣು ಮೇಲೋ ಕಿವಿ ಮೇಲೋ ಅಂತ ಕೇಳಿದ ಹಾಗಾಯ್ತು,” ಅಂದೆ ಸಾಹೇಬರಿಗೆ.

“ಅದೆಲ್ಲಾ ಗೊತ್ತು ಮೇಡಂ. ಕೊನೇಲಿ ಒಂದು ಲೈನ್ ಕೊಡಿ ಸಾಕು. ಜನಕ್ಕೆ ಒಂದು ಲೈನ್ ಬೇಕು.”

ಕುದಿ ಬಂತು. ಹೋಗಬೇಕು.


ಮಾರ್ಚ್ 5, ಮಂಗಳವಾರ

ಡಯಾಲಿಸಿಸ್. ಅರ್ಧ ದಿನ ರಜೆ. ಇವರು ಆ ಕುರ್ಚಿಯಲ್ಲಿ ಒರಗಿದ್ದರೆ ನಾನು ಪಕ್ಕದ ಸ್ಟೂಲಿನ ಮೇಲೆ. ಪೈಪಿನಲ್ಲಿ ರಕ್ತ ಹೋಗುವುದನ್ನು ನೋಡುವುದು ಬಿಟ್ಟಿದ್ದೇನೆ. ಗೋಡೆ ಗಡಿಯಾರ ನೋಡುತ್ತೇನೆ.

ಸಿಸ್ಟರ್ ಈ ತಿಂಗಳ ರಿಪೋರ್ಟ್ ತಂದುಕೊಟ್ಟಳು. “ಆಂಟೀ, ಪೊಟ್ಯಾಸಿಯಂ ಎಷ್ಟು ಚೆನ್ನಾಗಿ ಇಟ್ಟಿದೀರಾ! ಈ ಲೈನಲ್ಲಿರೋ ಅಷ್ಟೂ ಜನರಲ್ಲಿ ಅಂಕಲ್‌ದೇ ಬೆಸ್ಟ್.”

ಇವರ ಮುಖ ನೋಡಿದೆ. ಹೆಂಡತಿಗೆ ಬಹುಮಾನ ಬಂದಿದೆ, ಒಂದು ನಗೆಯಾದರೂ ನಗಬಾರದೇ?

“ಬೆಸ್ಟ್ ಅಂತೆ,” ಅಂದರು. “ಹತ್ತಿ ಜಗಿದು ಜಗಿದು ಬೆಸ್ಟ್ ಆಗಿದೀನಿ.”

ಸಿಸ್ಟರ್ ನಕ್ಕಳು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ.


ಮಾರ್ಚ್ 8, ಶುಕ್ರವಾರ

ಲೆಕ್ಕ ಮುಗಿಯಿತು. ಒಂದೇ ತೂಕ ತೆಗೆದುಕೊಂಡರೆ ಕಾಳಿನಲ್ಲಿ ಪ್ರೋಟೀನು ಟೊಮೇಟೊದ ಏಳೆಂಟು ಪಟ್ಟು. ನಾರು, ಕಬ್ಬಿಣ ಕೂಡ ಕಾಳಿನಲ್ಲೇ ಹೆಚ್ಚು. ಟೊಮೇಟೊ ಕಡೆ ಸಿ ಜೀವಸತ್ವ ಇದೆ, ಕಾಳಿನಲ್ಲಿ ಅದು ಹೆಸರಿಗೆ ಮಾತ್ರ. ಕೆಂಪು ಬಣ್ಣದ ಸತ್ವ ಡಬ್ಬಿಯಲ್ಲಿ ಕಾದಷ್ಟೂ ಮೈಗೆ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತುಂಬುವುದು ಕಾಳು. ಆ ಕಾಳಿನ ಕಬ್ಬಿಣ ಮೈಗೆ ಹಿಡಿಸುವುದು ಟೊಮೇಟೊದ ಹುಳಿ. ಎರಡನ್ನೂ ಒಂದೇ ತಟ್ಟೆಗೆ ಹಾಕಿ ಅನ್ನುವುದೇ ಸರಿಯಾದ ಲೈನು. ಹಾಗೇ ಬರೆದುಕೊಟ್ಟೆ.

“ಇದು ಲೈನ್ ಅಲ್ಲ ಮೇಡಂ, ರಾಜಿ ಪಂಚಾಯ್ತಿ,” ಅಂದರು ಸಾಹೇಬರು. “ಗೆದ್ದಿದ್ದು ಯಾವುದು?”

ನಮ್ಮ ಕಿಡ್ನಿಯವರ ಲೆಕ್ಕ ಬೇರೆ. ಮಾಮೂಲಿ ಬೇಯಿಸಿದ ಕಾಳಿನಲ್ಲಿ ಪೊಟ್ಯಾಸಿಯಂ ಟೊಮೇಟೊಗಿಂತ ಹೆಚ್ಚು. ಹಾಗಾಗಿ ಎಲ್ಲರೂ ಕಾಳನ್ನೇ ಬೈಯುವುದು. ಆದರೆ ಮೂರು ನೀರು ಕಂಡ ನನ್ನ ಕಾಳು ಡಬ್ಬಿ ಟೊಮೇಟೊಗಿಂತ ಕೆಳಗೆ. ಮನೆಯಿಂದ ಒಂದು ಬಟ್ಟಲು ಒಯ್ದು ನಾನೇ ಟೆಸ್ಟ್ ಮಾಡಿದೆ. ಪಕ್ಕದ ಟೇಬಲಿನವನು ತಮಾಷೆ ಮಾಡಿದ: “ಏನ್ ಮೇಡಂ, ಗಂಡನ ಊಟಕ್ಕೂ ಸರ್ಟಿಫಿಕೇಟಾ?”

ಹೂಂ. ಮನೆಯಲ್ಲಂತೂ ಕೊಡುವವರಿಲ್ಲ.


ಮಾರ್ಚ್ 10, ಭಾನುವಾರ

ದೊಡ್ಡಮ್ಮಣ್ಣಿಯವರ ಸವಾರಿ ಬಂತು. ಇವರ ಅಕ್ಕ. ಎದುರಿಗೆ ‘ಅತ್ತಿಗೆ’, ಈ ಡೈರಿಯಲ್ಲಿ ದೊಡ್ಡಮ್ಮಣ್ಣಿ. ಎರಡು ಬೀದಿ ಆಚೆ ಮನೆ. ತಾಯಿ ಹೋದಾಗ ಇವರಿಗೆ ಆರು ವರ್ಷ, ಅವರಿಗೆ ಹದಿನೈದು. ತುತ್ತು ಮಾಡಿ ಬಾಯಿಗಿಟ್ಟು ಸಾಕಿದವರು. ಅದು ಸುಳ್ಳಲ್ಲ. ಆದರೆ ಐವತ್ತೆಂಟು ವರ್ಷದ ಗಂಡಸಿಗೆ ಇನ್ನೂ ತುತ್ತು ಮಾಡಲು ನಿಂತರೆ...

ತಟ್ಟೆಯಲ್ಲಿದ್ದ ಕಾಳನ್ನು ಬೆರಳಲ್ಲಿ ಒತ್ತಿ ನೋಡಿದರು. ಬಾಯಿಗೆ ಹಾಕಿಕೊಂಡರು. ಮುಖ ಹುಳ್ಳಗೆ ಮಾಡಿದರು.

“ಇದನ್ನ ದನಾನೂ ಮೂಸಲ್ಲ. ಇದನ್ನ ನನ್ನ ತಮ್ಮಂಗೆ ಹಾಕ್ತಿದೀಯಾ?”

“ಅತ್ತಿಗೆ, ಅದು ಔಷಧಿ ಇದ್ದ ಹಾಗೆ. ರುಚಿಗೆ ಅಲ್ಲ.”

“ಕಾಳು ಕೊಡಬಾರದು ಅಂತ ಊರಿಗೆಲ್ಲಾ ಗೊತ್ತು. ಕಾಳು ಭಾರ. ತರಕಾರಿ ಹಗುರ. ನೋಡು, ಇದು ತಂದಿದೀನಿ.” ಚೀಲದಿಂದ ಟೊಮೇಟೊ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದರು. ಮುಚ್ಚಳದ ಮೇಲೆ ದಪ್ಪಕ್ಷರ — ಉಪ್ಪು ಸೇರಿಸಿಲ್ಲ. “ದೊಡ್ಡ ಅಂಗಡೀದು. ಉಪ್ಪೂ ಇಲ್ಲ, ಎಂಥದೂ ಇಲ್ಲ. ಬರೀ ಹಣ್ಣು.”

ಇವರ ಕಣ್ಣು ಆ ಡಬ್ಬಿಯ ಮೇಲೆ. ಕೆಂಪು ಚಿತ್ರ. ಎರಡು ವರ್ಷದಿಂದ ಹುಳಿ ಅನ್ನುವುದನ್ನು ಕಾಣದ ನಾಲಿಗೆ. ಪಾಪ ಅನ್ನಿಸಿತು, ನಿಜ. ಆದರೂ ಬೇಡ ಅಂದೆ. ಮಾಮೂಲಿ ಡಬ್ಬಿಯೇ ಆಗಲಿ, ಬಟ್ಟಲುಗಟ್ಟಲೆ ತಿಂದರೆ ಉಳಿಗಾಲವಿಲ್ಲ.

“ಬೇಡ ಅತ್ತಿಗೆ. ದಯವಿಟ್ಟು ತಗೊಂಡು ಹೋಗಿ.”

“ಕೇಳಿದೆಯೇನೋ? ನಿನ್ನ ಹೆಂಡ್ತಿ ನನ್ನ ಕೈದು ಬೇಡ ಅಂತಾಳೆ.”

ಇವರು ಪೇಪರ್ ಮಡಚಿದರು. ಬಿಡಿಸಿದರು. “ಇಬ್ರೂ ನನ್ನ ಒಳ್ಳೇದಕ್ಕೇ ಹೇಳ್ತಿದೀರಿ.”

ಡಬ್ಬಿ ಚೀಲಕ್ಕೆ ವಾಪಸ್ಸು ಹೋಯಿತು. ಹಿತ್ತಲ ಗಿಡ ಮದ್ದಲ್ಲ. ನನ್ನ ಸಹಿಯಿಲ್ಲದೆ ಈ ಊರಿನಲ್ಲಿ ಒಂದು ಬಿಸ್ಕೆಟ್ ಪ್ಯಾಕೆಟ್ ಮಾರುಕಟ್ಟೆಗೆ ಹೋಗುವುದಿಲ್ಲ. ನನ್ನ ಅಡುಗೆಮನೆಗೆ ಮಾತ್ರ ನಾನು ಅನಕ್ಷರಸ್ಥೆ.


ಮಾರ್ಚ್ 14, ಗುರುವಾರ

ಆಶ್ಚರ್ಯ. ಮೂರು ದಿನದಿಂದ ಇವರು ಗೊಣಗಿಲ್ಲ. ನಿನ್ನೆ ಸಂಜೆ ಕಾಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ ಮೆಣಸಿನಪುಡಿ ಉದುರಿಸಿದ್ದೆ. “ಪರವಾಗಿಲ್ಲ ಕಣೇ, ಕೈ ಪಳಗ್ತಾ ಇದೆ,” ಅಂದರು. ಮದುವೆಯಾಗಿ ಮೂವತ್ತು ವರ್ಷ, ಈಗ ಕೈ ಪಳಗಿತಂತೆ! ಆದರೂ ಖುಷಿಯಾಯಿತು. ಪಾತ್ರೆ ತೊಳೆಯುವಾಗ ಗುನುಗುತ್ತಿದ್ದೆ.

ತಿಂದದ್ದು ಮಾತ್ರ ಕಡಿಮೆ. ಹಸಿವಿಲ್ಲ ಅಂದರು.

ಇವತ್ತು ಡಯಾಲಿಸಿಸ್‌ಗೆ ಮುಂಚೆ ರಕ್ತ ನೋಡಿದರು. ಪೊಟ್ಯಾಸಿಯಂ ಏರಿದೆ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, “ಏನ್ ಕೊಡ್ತಿದೀರಾ? ಕಾಳಾ? ಕಡಿಮೆ ಮಾಡಿ,” ಅಂದರು. ನನ್ನ ಲೆಕ್ಕ ಹೇಳಲು ಹೋದೆ. ಮುಂದಿನ ಪೇಶೆಂಟಿನ ಫೈಲು ಆಗಲೇ ತೆರೆದಾಗಿತ್ತು.

ನನ್ನಿಂದಲೇ ಏನೋ ತಪ್ಪಾಗುತ್ತಿದೆ. ನಾಳೆಯಿಂದ ನಾಲ್ಕು ನೀರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತೊಳೆಯುತ್ತೇನೆ. ಏನಾದರೂ ಉಳಿದರೆ ತಿನ್ನಲಿ.


ಮಾರ್ಚ್ 21, ಗುರುವಾರ

ಒಂದು ವಾರ ಬರೆದಿಲ್ಲ.

ಸೋಮವಾರ ಮಧ್ಯಾಹ್ನ ಲ್ಯಾಬಿಗೆ ಪಕ್ಕದ ಮನೆಯವರ ಫೋನು. ಇವರು ಬಾಗಿಲ ಹತ್ತಿರ ಕುಸಿದು ಕೂತಿದ್ದಾರೆ, ಕಾಲು ಎತ್ತಲು ಆಗುತ್ತಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾಡಿ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಪೊಟ್ಯಾಸಿಯಂ ಏಳು ದಾಟಿತ್ತು. ಇಂಜೆಕ್ಷನ್ ಕೊಟ್ಟು ತಕ್ಷಣ ಡಯಾಲಿಸಿಸ್‌ಗೆ ಹಾಕಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಅಂತ ಸಿಸ್ಟರ್ ಅಂದಳು. ಪೂರ್ತಿ ಹೇಳಲಿಲ್ಲ.

ಐಸಿಯು ಹೊರಗೆ ಎರಡು ದಿನ. ಪ್ಲಾಸ್ಟಿಕ್ ಕುರ್ಚಿ. ದೊಡ್ಡಮ್ಮಣ್ಣಿ ಎದೆ ಎದೆ ಬಡಿದುಕೊಂಡು, “ಕಾಳು ಹಾಕಿ ಹಾಕಿ ನನ್ನ ತಮ್ಮನ್ನ ಮುಗಿಸಿದಳು!” ಅಂತ ಆ ಉದ್ದದ ವರಾಂಡಕ್ಕೆಲ್ಲಾ ಕೇಳುವ ಹಾಗೆ. ಅವರು ಹೇಳುವುದೇ ನಿಜ ಇದ್ದರೆ? ನಾಲ್ಕು ನೀರು ಸಾಲಲಿಲ್ಲವೇ? ಎಲ್ಲಿ ತಪ್ಪಿದೆ? ತಲೆಯೊಳಗೆ ಅದೇ ರುಬ್ಬುತ್ತಿತ್ತು.

ಮಗಳು ಪುಟ್ಟಿ ಮಂಗಳವಾರ ಬಂದಳು. ರಾತ್ರಿ ಬಸ್ಸು ಹತ್ತಿ, ಕೂಸನ್ನು ಅತ್ತೆಮನೆಯಲ್ಲಿ ಬಿಟ್ಟು. ಬಂದವಳೇ ನನ್ನನ್ನು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡೆ.

“ಅಮ್ಮಾ, ಡಾಕ್ಟ್ರು ಕಾಳು ಬೇಡ ಅಂದಿದ್ರಂತೆ. ಹೌದಾ?”

ಯಾರು ಹೇಳಿದ್ದು ಅಂತ ಕೇಳುವ ಹಾಗೇ ಇರಲಿಲ್ಲ. ಅವಳ ದೊಡ್ಡತ್ತೆ, ನಮ್ಮ ದೊಡ್ಡಮ್ಮಣ್ಣಿ, ಅವಳ ಪಕ್ಕದಲ್ಲೇ ನಿಂತಿದ್ದರು.

ನಿನ್ನೆ ವಾರ್ಡಿಗೆ ತಂದರು. ಇವರಿಗೆ ಪೂರ್ತಿ ಎಚ್ಚರ. ಡಾಕ್ಟರು ಬಂದು, ನಾವು ಮೂವರೂ ಮಂಚದ ಸುತ್ತ ಇರುವಾಗಲೇ ಕೇಳಿದರು: “ನಿಜ ಹೇಳಿ. ಭಾನುವಾರ, ಸೋಮವಾರ ಏನೇನ್ ತಿಂದ್ರಿ?”

ಇವರು ಅಕ್ಕನ ಕಡೆ ನೋಡಿದರು. ಆಮೇಲೆ ಸೀಲಿಂಗ್ ಕಡೆ.

“ಕಾಳು ಡಾಕ್ಟ್ರೇ. ಬರೀ ಕಾಳು.”


ಮಾರ್ಚ್ 22, ಶುಕ್ರವಾರ

ಬಟ್ಟೆ ತರಲು ಮನೆಗೆ ಬಂದೆ. ಇವರ ಬನಿಯನ್ನು ತೆಗೆಯಲು ಬೀರು ಬಾಗಿಲು ತೆರೆದರೆ ಕೆಳಗಿನ ಖಾನೆಯಲ್ಲಿ, ಹಳೆಯ ಸ್ವೆಟರಿನ ಹಿಂದೆ, ಡಬ್ಬಿಗಳು. ಐದು ಖಾಲಿ. ತೊಳೆದು ಒರೆಸಿ ಇಟ್ಟಿದ್ದಾರೆ, ವಾಸನೆ ಬರಬಾರದು ಅಂತ. ಆರನೆಯದು ಅರ್ಧ. ಮೇಲೆ ತಟ್ಟೆ ಮುಚ್ಚಿದ್ದಾರೆ. ಪಕ್ಕದಲ್ಲಿ ಚಮಚ. ನನ್ನದೇ ಅಡುಗೆಮನೆಯ ಚಮಚ.

ಉಪ್ಪು ಸೇರಿಸಿಲ್ಲ.

ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ. ‘ರುಚಿಗಾಗಿ ಪೊಟ್ಯಾಸಿಯಂ ಕ್ಲೋರೈಡ್.’

ಮಾಮೂಲಿ ಉಪ್ಪು ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಉಪ್ಪು ಹಾಕಿದ್ದಾರೆ. ಬಿಪಿ ಇರುವವರಿಗೆ ಒಳ್ಳೆಯದು. ಕಿಡ್ನಿ ಹೋದವರಿಗೆ ವಿಷ. ದೊಡ್ಡಮ್ಮಣ್ಣಿಗೆ ಅದು ಗೊತ್ತಿರುವುದಿಲ್ಲ, ಒಪ್ಪುತ್ತೇನೆ. ಮುಚ್ಚಳದ ದಪ್ಪಕ್ಷರ ಮಾತ್ರ ಓದಿ, ಪ್ರೀತಿಯಿಂದ ತಂದು, ನಾನು ಕೆಲಸಕ್ಕೆ ಹೋದ ಮೇಲೆ ಬಂದು, ತಮ್ಮನಿಗೆ ತಿನ್ನಿಸಿದ್ದಾರೆ. ಕದ್ದು ತಂದದ್ದು ಮಾತ್ರ ಗೊತ್ತಿದ್ದೇ ಮಾಡಿದ್ದು.

ಇವರು? ನನ್ನ ಕಾಳು ಹೊಗಳಿ, ಹಸಿವಿಲ್ಲ ಅಂದು, ಬೀರು ಮುಂದೆ ಕೂತು...

ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಕಾಳಿನಿಂದ ಅಲ್ಲ. ನನ್ನ ಕಾಳಿನಿಂದ ಅಲ್ಲ. ಮೊದಲು ಬಂದದ್ದು ಸಮಾಧಾನ. ಸಿಟ್ಟು ಆಮೇಲೆ ಬಂತು, ಬಂದದ್ದು ಹೋಗಿಲ್ಲ.


ಮಾರ್ಚ್ 23, ಶನಿವಾರ

ಅರ್ಧ ಡಬ್ಬಿಯನ್ನು ಲ್ಯಾಬಿಗೆ ಒಯ್ದೆ. ಮಾಮೂಲಿ ಟೊಮೇಟೊದ ಅಳತೆಗೆ ತೆಳು ಮಾಡಿ ಇಟ್ಟರೆ ಮೀಟರಿನ ಮುಳ್ಳು ಕೊನೆಗೆ ಹೋಗಿ ನಿಂತಿತು. ಇನ್ನೂ ತೆಳು ಮಾಡಿದೆ. ಮಾಮೂಲಿ ಡಬ್ಬಿಯ ಹತ್ತಿರ ಹತ್ತಿರ ಮೂರು ಪಟ್ಟು ಪೊಟ್ಯಾಸಿಯಂ. ಫ್ರಿಜ್ಜಿನಲ್ಲಿ ಉಳಿದಿದ್ದ ಸೋಮವಾರದ ಕಾಳನ್ನೂ ಟೆಸ್ಟ್ ಮಾಡಿದೆ. ಬಹುತೇಕ ಏನೂ ಇಲ್ಲ. ಪಾಪದ ಕಾಳು.

ಪಕ್ಕದ ಟೇಬಲಿನವನು ಇಣುಕಿದ. ತಮಾಷೆ ಮಾಡಲಿಲ್ಲ. “ಮೇಡಂ, ಟೀ ತರ್ಲಾ?” ಅಂದ.


ಮಾರ್ಚ್ 24, ಭಾನುವಾರ

ಪುಟ್ಟಿ ಸ್ನಾನಕ್ಕೆ ಮನೆಗೆ ಹೋಗಿದ್ದಳು. ನಾವಿಬ್ಬರೇ. ಮಂಚದ ಸುತ್ತಲ ಪರದೆ ಎಳೆದು ಕೇಳಿದೆ.

“ರೀ, ಬೀರು ನೋಡಿದೆ.”

ಬೆಡ್‌ಶೀಟಿನ ಅಂಚು ಸುರುಳಿ ಸುತ್ತಿದರು.

“ಆರು ಡಬ್ಬಿ ರೀ. ಅದರೊಳಗೆ ಪೊಟ್ಯಾಸಿಯಂ ಉಪ್ಪು ಹಾಕಿದಾರೆ. ಟೆಸ್ಟ್ ಮಾಡಿದೀನಿ. ಡಾಕ್ಟ್ರು ಕೇಳಿದಾಗ ಯಾಕೆ ಹೇಳಲಿಲ್ಲ?”

“ಅಕ್ಕನ ಎದುರಿಗೆ ಹ್ಯಾಗೆ ಹೇಳಲಿ?”

“ನನ್ನ ಎದುರಿಗೆ ಕಾಳು ಅಂತ ಹೇಳೋಕೆ ಬಾಯಿ ಬಂತಲ್ಲ!”

“ಕೂಗಾಡ್ಬೇಡ್ವೇ. ನೋಡು... ಅವಳಿಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ. ತನ್ನ ಕೈಯಾರೆ ತಮ್ಮಂಗೆ ಹೀಗಾಯ್ತು ಅಂತ. ಅವಳಿಗೂ ಅರವತ್ತೇಳು. ನೀನು ಗಟ್ಟಿ. ನೀನು ತಡ್ಕೋತೀಯಾ.”

ನೀನು ಗಟ್ಟಿ. ನೀನು ತಡ್ಕೋತೀಯಾ.

ಸರ್ಟಿಫಿಕೇಟ್ ಸಿಕ್ಕಿತಲ್ಲ ಕೊನೆಗೂ. ಮೂವತ್ತು ವರ್ಷ ಯಾವ ಭಾರ ಹೊರಿಸಿದರೂ ಹೊತ್ತೆ, ಅದಕ್ಕೇ ಇದನ್ನೂ ಹೊರು ಅಂತ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಯನ್ನು ಕೂರಿಸಿಕೊಂಡು, ‘ನೀನು ಒಳ್ಳೆಯವಳು, ಒರೆಸಿಸಿಕೋ’ ಅನ್ನುತ್ತಿದೆ ಕೋತಿ.

“ಅತ್ತಿಗೆಗೆ ಹೇಳ್ದೇ ಇದ್ರೆ ಬಿಡಿ,” ಅಂದೆ. “ಊರಿಗೆ ಹೇಳ್ದೇ ಇದ್ರೂ ಬಿಡಿ. ಪುಟ್ಟಿಗೆ ಹೇಳಿ. ನನ್ನ ಮಗಳು ನನ್ನನ್ನ ಹಾಗೆ ನೋಡೋದು ನನ್ನಿಂದ ಆಗಲ್ಲ ರೀ.”

“ಹೇಳ್ತೀನಿ. ಅವಳು ಸ್ವಲ್ಪ ಸುಧಾರಿಸ್ಕೊಳ್ಳಲಿ, ಹೇಳ್ತೀನಿ.”


ಮಾರ್ಚ್ 26, ಮಂಗಳವಾರ

ಕಾಯಲಾಗಲಿಲ್ಲ. ನಾನೂ ಮನುಷ್ಯಳೇ ತಾನೇ.

ಬೆಳಿಗ್ಗೆ ವಾರ್ಡಿನಲ್ಲಿ ಪುಟ್ಟಿ ನರ್ಸಿಗೆ ಹೇಳುತ್ತಿದ್ದಳು: “ಅಮ್ಮಂಗೆ ಎಷ್ಟು ಹೇಳಿದ್ರೂ ತಾನು ಹಿಡಿದಿದ್ದೇ ಹಠ.” ನಾನು ಬಾಗಿಲಲ್ಲೇ ಇದ್ದೆ. ಕೈಚೀಲದಿಂದ ಡಬ್ಬಿ ತೆಗೆದು ಮಂಚದ ಪಕ್ಕದ ಮೇಜಿನ ಮೇಲಿಟ್ಟೆ. ದೊಡ್ಡಮ್ಮಣ್ಣಿ ಅಲ್ಲೇ ಕಿತ್ತಳೆ ಬಣ್ಣದ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುತ್ತಿದ್ದರು. ಕೈ ನಿಂತಿತು.

“ಇಂಥ ಆರು ಡಬ್ಬಿ ನಮ್ಮ ಬೀರುವಿನಲ್ಲಿತ್ತು ಪುಟ್ಟಿ. ನಿಮ್ಮಪ್ಪನ ಹೃದಯ ನಿಲ್ಲಿಸೋಕೆ ಹೊರಟಿದ್ದು ಇದು. ನನ್ನ ಕಾಳಲ್ಲ. ಕೇಳು ಅವರನ್ನೇ.”

“ನಾನು ನನ್ನ ತಮ್ಮಂಗೆ ವಿಷ ಹಾಕ್ತೀನಾ!” ದೊಡ್ಡಮ್ಮಣ್ಣಿ ಶುರು ಮಾಡಿದರು. “ಉಪ್ಪಿಲ್ಲ ಅಂತ ಬರೆದಿರೋದು ಕಾಣಲ್ವಾ? ಹೇಳೋ, ನಾನೇನ್ ತಂದ್ಕೊಟ್ಟೆ, ಹೇಳೋ!”

ಪುಟ್ಟಿ ಅಪ್ಪನ ಕಡೆ ತಿರುಗಿದಳು. ನಾನೂ. ಇಡೀ ವಾರ್ಡೇ ತಿರುಗಿತ್ತು.

“ಅದು... ಅಕ್ಕ ಒಂದು ಡಬ್ಬಿ ತಂದಿದ್ದಳು,” ಅಂದರು ಇವರು. “ಒಂದು ಚಮಚ ರುಚಿ ನೋಡಿದೆ ಅಷ್ಟೇ. ಮಿಕ್ಕಿದ್ದು ಅವಳ ಮನೆಯ ಖಾಲಿ ಡಬ್ಬಿ, ಸಾಮಾನು ಹಾಕಿಡೋಕೆ ಕೊಟ್ಟಿದ್ದು.”

ಸುಳ್ಳು ಹೇಳಿದ್ದರೆ ಬೇರೆ. ಸುಳ್ಳಿಗೆ ಒಂದು ಚಮಚ ನಿಜ ಬೆರೆಸಿ ಹೇಳಿದರು. ಅದು ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

“ಪುಟ್ಟೀ, ಲ್ಯಾಬಲ್ಲಿ ನಾನೇ ಟೆಸ್ಟ್ ಮಾಡಿದೀನಿ ಕಣೇ —”

“ಅಮ್ಮಾ, ಸಾಕು.” ಧ್ವನಿ ಎತ್ತರಿಸಲಿಲ್ಲ ಅವಳು. ಎತ್ತರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. “ನೀನೇ ಪರೀಕ್ಷೆ ಬರೆದು ನೀನೇ ಮಾರ್ಕ್ಸ್ ಹಾಕ್ಕೊಂಡ್ರೆ ಆಗತ್ತಾ? ಅಪ್ಪ ಸಾಯೋ ಸ್ಥಿತಿಗೆ ಹೋಗಿದಾರೆ. ಈಗ್ಲೂ ನಿಂಗೆ ನೀನು ಸರಿ ಅನ್ನಿಸ್ಕೊಳ್ಳೋದೇ ಮುಖ್ಯನಾ?”

ಹೊರಗೆ ಹೋಗಿ ಡಾಕ್ಟರನ್ನು ಹಿಡಿದೆ. ಡಬ್ಬಿ ತೋರಿಸಿದೆ. ಅವರು ಓದಿದರು, ಹುಬ್ಬು ಏರಿಸಿದರು. “ಹೌದು, ಇದೇ ಇರಬಹುದು. ಇನ್ನು ಕೊಡಬೇಡಿ.” ಒಳಗೆ ಬಂದು ಮಗಳಿಗೆ ಒಂದು ಮಾತು ಹೇಳಿ ಸಾರ್ ಅಂದೆ. “ನಾನು ಡಾಕ್ಟ್ರು ಕಣಮ್ಮಾ, ನಿಮ್ಮ ಮನೆ ಜಗಳಕ್ಕೆ ಸಾಕ್ಷಿ ಅಲ್ಲ. ಪೇಶೆಂಟೇ ತಿಂದಿಲ್ಲ ಅಂದ್ರೆ ನಾನೇನ್ ಹೇಳಲಿ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಮನೆಗೆ ಬಂದು ಅನ್ನಕ್ಕಿಟ್ಟಿತು.


ಮಾರ್ಚ್ 29, ಶುಕ್ರವಾರ

ನಿನ್ನೆ ಇವರನ್ನು ಮನೆಗೆ ಕರೆತಂದೆವು. ಇವತ್ತು ಪುಟ್ಟಿ ಊರಿಗೆ ಹೊರಟಳು. ಹೊರಡುವ ಮುಂಚೆ ಅಡುಗೆಮನೆಗೆ ಬಂದು ಕಪಾಟು ತೆರೆದು ಕಾಳಿನ ಬಾಟಲಿಗಳನ್ನೆಲ್ಲಾ ಒಂದೊಂದಾಗಿ ಚೀಲಕ್ಕೆ ಸುರಿದಳು. ಕಡಲೆ, ಅಲಸಂದೆ, ಹೆಸರು. ಕೆಲಸದವಳಿಗೆ ಕೊಟ್ಟಳು. ನಾನು ಒಲೆ ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

“ಬೇಜಾರು ಮಾಡ್ಕೋಬೇಡ ಅಮ್ಮಾ. ಒಂದೇ ಒಂದು ಕಾಳೂ ಈ ಮನೇಲಿ ಇರಕೂಡ್ದು. ನನ್ನಾಣೆ.”

ಚಿಕ್ಕವಳಿದ್ದಾಗ ಟೈಫಾಯ್ಡ್ ಬಂದು ಮಲಗಿದ್ದಾಗ ನನ್ನ ಕೈ ಹೊರತು ಬೇರೆಯವರ ಕೈಯಲ್ಲಿ ನೀರೂ ಕುಡಿಯುತ್ತಿರಲಿಲ್ಲ ಈ ಹುಡುಗಿ.

ಆಟೋ ಹತ್ತುವಾಗ ಅಪ್ಪನಿಗೆ ಮುತ್ತು ಕೊಟ್ಟಳು, ದೊಡ್ಡತ್ತೆಯನ್ನು ಅಪ್ಪಿಕೊಂಡಳು, ನನಗೆ ಕೈ ಬೀಸಿದಳು.

ದೊಡ್ಡಮ್ಮಣ್ಣಿ ಡಬ್ಬಿ ತರುವುದನ್ನು ನಿಲ್ಲಿಸಿದ್ದಾರೆ. ಬರಿಗೈಯಲ್ಲಿ ಬರುತ್ತಾರೆ. ಅಂದರೆ ಅವರಿಗೆ ಗೊತ್ತಾಗಿದೆ. ಬಾಯಿ ಮಾತ್ರ ನಿಂತಿಲ್ಲ: “ಕಾಳು ನಿಲ್ಲಿಸಿದ್ಮೇಲೆ ನೋಡು, ಮುಖದಲ್ಲಿ ಹ್ಯಾಗೆ ಕಳೆ ಬಂದಿದೆ.”


ಏಪ್ರಿಲ್ 6, ಶನಿವಾರ

ಕಳೆಯಲ್ಲ ಅದು, ಬಾವು. ಕಾಲು ಒತ್ತಿದರೆ ಗುಳಿ ಬೀಳುತ್ತದೆ. ತೋಳು ಬತ್ತಿ ಹೋಗಿದೆ. ಡಯಾಲಿಸಿಸ್ ಕುರ್ಚಿಯಿಂದ ಎದ್ದು ನಿಂತರೆ ತಲೆ ಸುತ್ತು. ರಕ್ತದಲ್ಲಿ ಪ್ರೋಟೀನು ಇಳಿದಿದೆ.

ಡಾಕ್ಟರು ಗದರಿದರು. “ಪ್ರೋಟೀನ್ ಎಲ್ಲಮ್ಮಾ? ಮೊದಲು ಅಷ್ಟು ಚೆನ್ನಾಗಿತ್ತಲ್ಲ. ನೀರು ಬಸಿದು ಬಸಿದು ಕಾಳು ಮಾಡ್ತಿದ್ರಲ್ಲ, ಅದನ್ನೇ ಮಾಡಿ. ಅದು ಬಿಟ್ರೆ ಪೌಡರ್, ಅದು ಇವರಿಗೆ ವಾಂತಿಯಾಗತ್ತೆ.”

ಹತ್ತಿರದಲ್ಲಿ ಪುಟ್ಟಿ ಇರಲಿಲ್ಲ. ದೊಡ್ಡಮ್ಮಣ್ಣಿಯೂ ಇರಲಿಲ್ಲ. ನಾನು ಒಬ್ಬಳೇ ಕೇಳಿಸಿಕೊಂಡೆ. ನನಗೆ ಬೇಕಾದ ಮಾತುಗಳೆಲ್ಲಾ ಕೇಳುವವರಿಲ್ಲದಾಗಲೇ ಬರುತ್ತವೆ.

ಹಾಸ್ಟೆಲ್ ಕರಪತ್ರ ಅಚ್ಚಾಗಿ ಬಂದಿದೆ. ಕೊನೆಯ ಲೈನು ಸಾಹೇಬರೇ ಬರೆದಿದ್ದಾರೆ: ‘ಎರಡೂ ತಮ್ಮ ತಮ್ಮ ರೀತಿಯಲ್ಲಿ ಒಳ್ಳೆಯವು.’ ಥೂ.


ಏಪ್ರಿಲ್ 8, ಸೋಮವಾರ

ಇವರೇ ಕೇಳಿದರು. ಗೋಡೆ ಹಿಡಿದುಕೊಂಡು ಅಡುಗೆಮನೆ ತನಕ ಬಂದು.

“ಕಾಳು ಮಾಡೇ.”

“ಮಗಳು ಆಣೆ ಹಾಕಿ ಹೋಗಿದಾಳೆ.”

“ಅವಳಿಗೇನ್ ಗೊತ್ತು? ಡಾಕ್ಟ್ರೇ ಹೇಳಿದಾರಲ್ಲ.”

“ಅವಳಿಗೆ ಗೊತ್ತಿಲ್ಲ ಅನ್ನೋದು ನಿಮಗೆ ಗೊತ್ತು. ಫೋನ್ ಮಾಡಿ ಹೇಳಿ. ಡಬ್ಬಿ ತಿಂದಿದ್ದು ನಾನು, ಕದ್ದು ತಿಂದಿದ್ದು ನಾನು, ಅಮ್ಮನ ತಪ್ಪಿಲ್ಲ ಅಂತ. ಹೇಳಿದ ಗಳಿಗೇಲಿ ನೆನೆಹಾಕ್ತೀನಿ.”

“ಊಟಕ್ಕೆ ಷರತ್ತು ಹಾಕ್ತೀಯಾ ನೀನು? ಹೆಂಡ್ತೀನೇನೇ ನೀನು?”

ಹಾಕುತ್ತೇನೆ ಅಂದೆ. ಷರತ್ತು ಹಾಕುತ್ತೇನೆ. ನಾಚಿಕೆಯಾಗುತ್ತಿದೆ, ಆದರೂ ಹಾಕುತ್ತೇನೆ. ಪ್ರಾಣಕ್ಕೆ ಪ್ರಾಣ ಕೇಳುತ್ತಿಲ್ಲ ನಾನು. ಒಂದು ಮಾತು ಕೇಳುತ್ತಿದ್ದೇನೆ.


ಏಪ್ರಿಲ್ 10, ಬುಧವಾರ

ಲ್ಯಾಬಿನಿಂದ ಬರುವಾಗ ಕಡಲೆಕಾಳು ಕೊಂಡು ತಂದೆ. ಷರತ್ತು ಬಿಡಬಾರದು ಅಂತ ಹಠವೂ ಇದೆ. ಇವರ ತೋಳು ನೋಡಿದರೆ ಕರುಳು ಚುರುಕ್ ಅನ್ನುವುದೂ ಇದೆ. ತಂದು ಮೇಜಿನ ಮೇಲಿಟ್ಟೆ.

ಇವರು ಪೊಟ್ಟಣ ನೋಡಿದರು. ಫೋನ್ ತೆಗೆದುಕೊಂಡು ರೂಮಿಗೆ ಹೋದರು. ಬಾಗಿಲು ಹಾಕಿಕೊಂಡರು. ನಾನು ಬೇಕೆಂದೇ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆದೆ. ಕದ್ದು ಕೇಳಬಾರದು. ಅಷ್ಟು ಮರ್ಯಾದೆ ಕೊಡೋಣ.

ಹೊರಗೆ ಬಂದರು. ಮುಖ ಹಗುರವಾಗಿತ್ತು.

“ಹೇಳಿದೆ ಕಣೇ. ಎಲ್ಲಾ ಹೇಳ್ದೆ. ಪಾಪ, ತುಂಬಾ ಅತ್ತಳು. ನಾಳೆ ನಿಂಗೇ ಫೋನ್ ಮಾಡ್ತಾಳಂತೆ.”

ಅವರ ಕೈ ಹಿಡಿದುಕೊಂಡೆ. ಎಷ್ಟೋ ವರ್ಷದ ಮೇಲೆ. “ಕೂತ್ಕೊಳ್ಳಿ ರೀ, ನಿಂತ್ಕೋಬೇಡಿ,” ಅಂದೆ. ದೊಡ್ಡ ಪಾತ್ರೆ ತೆಗೆದೆ. ಕಾಳು ಅಳೆದು ಸುರಿದೆ.

ಆಗ ಫೋನು ಬಂತು. ಪುಟ್ಟಿ. ನಾಳೆ ತನಕ ತಡೆದುಕೊಳ್ಳಲು ಆಗಿಲ್ಲ ಹುಡುಗಿಗೆ ಅಂದುಕೊಂಡು, ಕೈ ಒರೆಸಿಕೊಂಡು, ಹಿತ್ತಲಿಗೆ ಹೋಗಿ ಎತ್ತಿದೆ.

“ಅಮ್ಮಾ, ಅಪ್ಪ ಫೋನ್ ಮಾಡಿದ್ರು. ಕೂಸಿನ ವಿಷಯ, ಮಳೆ ವಿಷಯ, ಅದೂ ಇದೂ ಮಾತಾಡಿದ್ರು. ನೀನು ಮತ್ತೆ ಕಾಳು ತಂದಿದೀಯಂತೆ. ಅಪ್ಪಂಗೆ ಬೇಡ ಅನ್ನೋಕೆ ಸಂಕೋಚ, ಅದಕ್ಕೆ ನಂಗೆ ಹೇಳ್ತಿದಾರೆ ಪಾಪ. ಯಾಕಮ್ಮಾ ಹೀಗೆ ಮಾಡ್ತೀಯಾ? ಇರೋದು ಒಬ್ಬರೇ ಅಪ್ಪ ನಂಗೆ.”

ಹೂಂ ಅಂದು ಫೋನ್ ಇಟ್ಟೆ.

ಒಳಗೆ ಬಂದೆ. ಇವರು ಊಟದ ಮೇಜಿನ ಮುಂದೆ ಕೂತು ಟಿವಿ ಹಾಕಿಕೊಂಡಿದ್ದಾರೆ. ಪಾತ್ರೆಯಲ್ಲಿ ಕಾಳು ಇದೆ, ಒಣಗಿದ್ದು. ನೀರು ಹಾಕಿಲ್ಲ. ಈಗ ನೆನೆದರೆ ನಾಳೆ ಬೆಳಿಗ್ಗೆಗೆ ಮೊದಲ ನೀರು ಚೆಲ್ಲಬಹುದು. ಇಲ್ಲದಿದ್ದರೆ ಇಲ್ಲ. ಹೋಗಿ ನೀರು ಹಾಕುವುದು ಬಿಟ್ಟು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಟಿವಿ ಸದ್ದು ಕಡಿಮೆ ಮಾಡಿದರು. ಕೂಗುತ್ತಿದ್ದಾರೆ.

“ನೀರು ಹಾಕಿದ್ಯಾ?”

ಮತ್ತೆ ಕೂಗಿದರು. ಈ ಸಲ ಹೆಸರು ಹಿಡಿದು, ಪ್ರೀತಿಯಿಂದ. ನಾನು ಇನ್ನೂ ಎದ್ದಿಲ್ಲ.